ಹೆಸರುಗಳಲ್ಲಿ ಉಳಿದ ಊರುಗಳು

ಥಾಯ್ಲೆಂಡಿನ ಭೂಪಟವನ್ನು ಹರಡಿಕೊಂಡು ಕುಳಿತ ಕನ್ನಡಿಗನಿಗೆ, ದೂರದ ನಂಟರು ವೇಷ ಬದಲಿಸಿ ಎದುರು ನಿಂತಂತೆ ಭಾಸವಾದರೆ ಆಶ್ಚರ್ಯವಿಲ್ಲ. ಕಾಂಚನಬುರಿ, ಸಿಂಗ್‌ಬುರಿ, ಫಿತ್ಸನುಲೋಕ್—ಇವು ಕಾಂಚನಪುರಿ, ಸಿಂಹಪುರಿ, ವಿಷ್ಣುಲೋಕಗಳಲ್ಲದೆ ಬೇರೆಯಲ್ಲ. ‘ಚೊನ್‌ಬುರಿ’ಯ ಗುರುತು ಮಾತ್ರ ಬೇಗನೆ ಸಿಕ್ಕದು. ಅದನ್ನು ಬರೆಯುವುದು ‘ಜಲ’ದ ಅಕ್ಷರಗಳಿಂದಲೇ, ಆದರೆ ಥಾಯ್ ನುಡಿಯಲ್ಲಿ ಜಕಾರವು ಚಕಾರದಂತೆಯೂ ಪದದ ಕೊನೆಯ ಲಕಾರವು ನಕಾರದಂತೆಯೂ ಕೇಳಿಸುತ್ತವೆ. ನಾಲಗೆ ಬಿಟ್ಟುದನ್ನು ಬರಹ ಕಾದಿರಿಸಿದೆ.

ಅರಮನೆಯಿಂದ ಬಂದ ಇಂತಹ ಹೆಸರುಗಳ ಪಕ್ಕದಲ್ಲಿಯೇ ಅಚ್ಚ ಥಾಯ್ ಹೆಸರುಗಳೂ ಉಂಟು. ‘ಬಾನ್’ ಎಂದರೆ ಹಳ್ಳಿ, ‘ನೊಂಗ್’ ಎಂದರೆ ಕೊಳ ಅಥವಾ ಜೌಗು, ‘ಬಾಂಗ್’ ಎಂದರೆ ನೀರಂಚಿನ ಊರು. ಉತ್ತರದ ಚಿಯಾಂಗ್ ಮಾಯ್ ಎಂದರೆ ‘ಹೊಸ ಪಟ್ಟಣ’. 1296ರಲ್ಲಿ ಹುಟ್ಟಿದ ಆ ನಗರ ಏಳು ಶತಮಾನ ಕಳೆದರೂ ಹೆಸರಿನಲ್ಲಿ ಇನ್ನೂ ಹೊಸದೇ!

ಹೆಸರು ದುಃಖವನ್ನೂ ಹೊರಬಲ್ಲದು. ರಾಮನ ಅಯೋಧ್ಯೆಯ ಹೆಸರನ್ನು ಪಡೆದು 1351ರಲ್ಲಿ ಸ್ಥಾಪಿತವಾದ ಅಯುತ್ಥಯ ನಾಲ್ಕು ಶತಮಾನಗಳಿಗೂ ಮಿಗಿಲಾಗಿ ರಾಜಧಾನಿಯಾಗಿ ಮೆರೆದು, 1767ರಲ್ಲಿ ಬರ್ಮೀಯರ ದಾಳಿಗೆ ಸಿಕ್ಕಿ ಹಾಳಾಯಿತು. 1782ರಲ್ಲಿ ಒಂದನೆಯ ರಾಮ ದೊರೆಯು ಇಂದಿನ ರಾಜಧಾನಿಯನ್ನು ಕಟ್ಟಿಸಿದನು. ‘ಕ್ರುಂಗ್ ಥೇಪ್’, ಅಂದರೆ ದೇವನಗರಿ, ಎಂದು ಆರಂಭವಾಗುವ ಅದರ ಪೂರ್ಣ ನಾಮವು ಇಂದ್ರನನ್ನೂ ವಿಶ್ವಕರ್ಮನನ್ನೂ ಸ್ಮರಿಸುವಷ್ಟು ಉದ್ದವಾದುದು. ಅದರ ನಡುವೆ ‘ಅಯುತ್ಥಯ’ವೂ ಸೇರಿದೆ. ಕಳೆದುಹೋದ ನಗರಿಗೆ ಹೊಸ ನಗರಿಯ ಹೆಸರಿನೊಳಗೆ ಮನೆ ದೊರೆಯಿತು.

ಆದರೆ ಹೊರಗಿನ ಲೋಕಕ್ಕೆ ಆ ದೇವನಗರಿ ಇಂದಿಗೂ ಬ್ಯಾಂಕಾಕ್. ಅಮಟೆಯ ಜಾತಿಯ ‘ಮಕೋಕ್’ ಮರವಿದ್ದ ನೀರಂಚಿನ ಹಳ್ಳಿ ಎಂಬುದೇ ಅದರ ಅರ್ಥವೆಂದು ಹಲವರ ಅಭಿಪ್ರಾಯ. ದೇವತೆಗಳ ಹೆಸರು ಬಂದರೂ ಹಳ್ಳಿಯ ಹೆಸರು ಅಳಿಯಲಿಲ್ಲ.

ಎಲ್ಲ ಹೆಸರುಗಳಿಗೂ ಈ ಭಾಗ್ಯವಿಲ್ಲ. 2006ರಲ್ಲಿ ಅದೇ ರಾಜಧಾನಿಯ ಹೊರವಲಯದಲ್ಲಿ ತೆರೆದ ದೊಡ್ಡ ವಿಮಾನನಿಲ್ದಾಣಕ್ಕೆ ದೊರೆ ಭೂಮಿಬಲ ಇತ್ತ ಹೆಸರು ‘ಸುವರ್ಣಭೂಮಿ’. ಆ ಜೌಗುನೆಲಕ್ಕೆ ಮೊದಲಿದ್ದ ಹೆಸರು ‘ನೊಂಗ್ ಙೂ ಹಾವ್’—ನಾಗರಹಾವಿನ ಕೊಳ. (ಕನ್ನಡದ ಹಾವಿಗೂ ಇದಕ್ಕೂ ನಂಟಿಲ್ಲ; ಅಲ್ಲಿ ಹಾವೆಂದರೆ ‘ಙೂ’.) ಇಂದು ಅಲ್ಲಿ ಬಂದಿಳಿಯುವ ಪ್ರಯಾಣಿಕನು ಕಾಣುವುದು ಚಿನ್ನದ ಹೆಸರನ್ನೇ. ಆ ನೆಲವನ್ನು ಕಾಲ್ನಡಿಗೆಯಲ್ಲಿ ಬಲ್ಲವರು ಇಟ್ಟ ಹೆಸರನ್ನು, ಕೇಳಿದವರಿಗೆ ಮಾತ್ರ ಯಾರಾದರೂ ಹೇಳಿಯಾರು.