ಕೆಟ್ಟದ್ದು ಕಂಪ್ಯೂಟರ್ ಅಲ್ಲ

2023ರ ಆಗಸ್ಟ್ ತಿಂಗಳ ಒಂದು ಭಾನುವಾರ. ಹೊರಗೆ ಬಿಡದೆ ಸುರಿಯುವ ಮಳೆ. ಮಧ್ಯಾಹ್ನ ದಸ್ತರ್‌ಖಾನ್ ಹಾಸಿ ಎಲ್ಲರನ್ನೂ ಊಟಕ್ಕೆ ಕರೆದೆ. ಇವರು ಬಂದು ಕುಳಿತರು, ಮಗಳು ಬಂದಳು. ಮಗ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ. "ನನಗೆ ಹಸಿವಿಲ್ಲ" ಎಂಬ ಒಂದೇ ಮಾತು ಒಳಗಿನಿಂದ ಕೇಳಿಸಿತು. ಬಿರಿಯಾನಿ ಎಂದರೆ ಎರಡನೇ ಬಾರಿ ತಟ್ಟೆ ಚಾಚುವ ಹುಡುಗ ಅವನು. ನನ್ನ ಗಂಟಲಲ್ಲೂ ತುತ್ತು ಇಳಿಯಲಿಲ್ಲ. ಆದರೂ ನಾನು ಎದ್ದು ಹೋಗಿ ಅವನನ್ನು ಕರೆಯಲಿಲ್ಲ. ತಪ್ಪು ಮಾಡಿದವನು ಒಪ್ಪಿಕೊಳ್ಳಲಿ ಎಂಬ ಹಟ ನನ್ನದು.

ಅವನ ತಪ್ಪೇನು? ಮನೆಯ ಕಂಪ್ಯೂಟರನ್ನು ಹಾಳು ಮಾಡಿದ್ದು. ಹಾಗೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ನಮ್ಮದು ಸಣ್ಣ ಸಂಸಾರ. ಇವರಿಗೆ ಪೇಟೆಯಲ್ಲಿ ಒಂದು ಅಂಗಡಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೊಲಿಗೆಯ ಲೆಕ್ಕ, ಹೊಸ ಡಿಸೈನ್‌ಗಳ ಚಿತ್ರ, ಮಗಳ ಕಾಲೇಜಿನ ಪ್ರಾಜೆಕ್ಟ್ ಎಲ್ಲವೂ ಆ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಎಲ್ಲಕ್ಕಿಂತ ಹೆಚ್ಚಾಗಿ, ತೀರಿಹೋದ ನನ್ನ ತಂದೆಯ ಫೋಟೋಗಳೂ ಅದರಲ್ಲಿವೆ. ಬೇರೆ ಕಡೆ ಅವುಗಳ ಪ್ರತಿ ಇಟ್ಟಿರಲಿಲ್ಲ. 'ಇವತ್ತು ಮಾಡಿದರಾಯಿತು, ನಾಳೆ ಮಾಡಿದರಾಯಿತು' ಎಂದು ಮುಂದೂಡುತ್ತಲೇ ಬಂದಿದ್ದೆ.

ಆ ವಾರ ನಾವು ಟೆಲಿಫೋನ್ ತಂತಿಯ ಹಳೆಯ ಇಂಟರ್ನೆಟ್ ತೆಗೆಸಿ, ಬೇರೆ ಕಂಪೆನಿಯ ಫೈಬರ್ ಲೈನ್ ಹಾಕಿಸಿದ್ದೆವು. ಶುಕ್ರವಾರ ಮಧ್ಯಾಹ್ನ ಇಬ್ಬರು ಹುಡುಗರು ಬಂದು ಗೋಡೆಗೆ ಹೊಸ ಪೆಟ್ಟಿಗೆ ಹಾಕಿ, ಕಂಪ್ಯೂಟರಿನ ವಯರನ್ನು ಹಳೆಯ ಮೋಡೆಮ್‌ನಿಂದ ಕಿತ್ತು ಅದಕ್ಕೆ ಚುಚ್ಚಿ, ಮೊಬೈಲಿನಲ್ಲಿ ಒಂದು ವೀಡಿಯೋ ಓಡಿಸಿ ತೋರಿಸಿ, ಸಹಿ ಹಾಕಿಸಿಕೊಂಡು ಹೋದರು. ಸಂಜೆ ಮಗ ಸ್ನೇಹಿತನಿಂದ ತಂದ ಪೆನ್‌ಡ್ರೈವ್ ಹಾಕಿ ಏನೋ ಒಂದು ಆಟ ತುಂಬಿಸಿದ. ಶನಿವಾರ ಬೆಳಿಗ್ಗೆ ನಾನು ಕುಳಿತರೆ ಒಂದು ಪುಟವೂ ತೆರೆಯುತ್ತಿಲ್ಲ. ಆದರೆ ನಮ್ಮೆಲ್ಲರ ಮೊಬೈಲುಗಳಲ್ಲಿ ಅದೇ ಲೈನಿನ ಇಂಟರ್ನೆಟ್ ಸರಾಗವಾಗಿ ಓಡುತ್ತಿದೆ!

ಲೈನ್ ಸರಿಯಿದೆ ಅಂದ ಮೇಲೆ ಕೆಟ್ಟದ್ದು ಕಂಪ್ಯೂಟರ್. ಅದನ್ನು ಕೊನೆಗೆ ಮುಟ್ಟಿದವನು ಮಗ. ನನ್ನ ಲೆಕ್ಕ ಅಷ್ಟಕ್ಕೇ ಮುಗಿಯಿತು. ರಿಪೇರಿ ಅಂಗಡಿಗೆ ಫೋನ್ ಮಾಡಿದೆ. "ವೈರಸ್ ಹೊಕ್ಕಿರಬೇಕು, ಸೋಮವಾರ ಸಿಪಿಯು ತನ್ನಿ, ಫಾರ್ಮ್ಯಾಟ್ ಮಾಡೋಣ" ಎಂದರು. ಫಾರ್ಮ್ಯಾಟ್ ಎಂದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುವುದು ಎಂದು ಮಗಳು ಹೇಳಿದಾಗ ನನ್ನ ತಲೆಗೆ ಪಿತ್ತ ಏರಿತು. ಒಂಬತ್ತನೇ ತರಗತಿಯ ಹುಡುಗ ಎಂಬುದನ್ನೂ ನೋಡದೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. "ನಾನೇನೂ ಮಾಡಿಲ್ಲ ಅಮ್ಮಿ, ಆಟ ಹಾಕುವ ಮೊದಲೇ ಹೀಗಿತ್ತು. ಹೊಸ ಲೈನ್ ಬಂದ ಮೇಲೇ ಹೀಗಾಗಿದ್ದು" ಎಂದ. "ಸುಳ್ಳೂ ಹೇಳ್ತೀಯಾ?" ಎಂದುಬಿಟ್ಟೆ. ಆಮೇಲೆ ಅವನು ಬಾಯಿ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಬೆಂಗಳೂರಿನಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಕಂಪ್ಯೂಟರ್ ಕಂಪೆನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಅವಳದ್ದು. ನನ್ನ ಗೋಳೆಲ್ಲ ಕೇಳಿದ ಮೇಲೆ, "ಖಾಲಾ, ಯಾರು ಮಾಡಿದ್ದು ಅಂತ ಆಮೇಲೆ ನೋಡೋಣ. ಮೊದಲು ಏನಾಗಿದೆ ಅಂತ ನೋಡೋಣ. ಕಂಪ್ಯೂಟರ್ ಮುಂದೆ ಕೂತ್ಕೊಳ್ಳಿ" ಎಂದಳು.

"ನನಗೇನು ಗೊತ್ತಾಗುತ್ತೆ, ನಿನ್ನ ಅಕ್ಕನನ್ನು ಕರೀತೀನಿ" ಎಂದೆ. "ಬೇಡ, ನೀವೇ ಕೂತ್ಕೊಳ್ಳಿ. ಹೊಲಿಗೆ ಮಿಷನ್ ನಿಂತರೆ ನೀವು ಮೊದಲು ಏನು ನೋಡ್ತೀರಿ?" ಎಂದು ಕೇಳಿದಳು. ದಾರ ಮೇಲಿನದು ತುಂಡಾಗಿದೆಯೋ ಬಾಬಿನ್‌ನದೋ ನೋಡುತ್ತೇನೆ, ಆಮೇಲೆ ಸೂಜಿ, ಆಮೇಲೆ ಬೆಲ್ಟು ಎಂದೆ. "ಇದೂ ಹಾಗೇ ಖಾಲಾ. ಒಂದೊಂದಾಗಿ ನೋಡುತ್ತಾ ಹೋಗಬೇಕು ಅಷ್ಟೇ."

ಕೀಬೋರ್ಡಿನಲ್ಲಿ ಸಿಎಂಡಿ ಎಂದು ಬರೆದು ತೆರೆಯುವ ಕಪ್ಪು ಕಿಟಕಿಯೊಂದನ್ನು ತೆರೆಸಿದಳು. ಅಲ್ಲಿ 'ಪಿಂಗ್' ಎಂದು ಬರೆದು, ಪಕ್ಕದಲ್ಲಿ 8.8.8.8 ಎಂಬ ಸಂಖ್ಯೆ ಹಾಕಿಸಿದಳು. 'ಇದ್ದೀಯಾ?' ಎಂದು ಕೂಗಿ ಕೇಳುವ ಆಜ್ಞೆ ಅದಂತೆ. ನಾಲ್ಕು ಸಾಲು ಉತ್ತರ ಬಂತು. "ನೋಡಿ ಖಾಲಾ, ನಿಮ್ಮ ಕಂಪ್ಯೂಟರ್ ಮನೆಯಿಂದ ಹೊರಗೆ ಹೋಗಿ ವಾಪಸ್ ಬರ್ತಿದೆ. ವಯರೂ ಸರಿ, ಲೈನೂ ಸರಿ, ಕಂಪ್ಯೂಟರೂ ಸರಿ" ಎಂದಳು. ನಾನು ದಂಗಾದೆ. ಈಗ ಸಂಖ್ಯೆಯ ಬದಲು ಒಂದು ವೆಬ್‌ಸೈಟಿನ ಹೆಸರು ಬರೆದು ಅದೇ ಆಜ್ಞೆ ಕೊಡಿಸಿದಳು. ಆ ಹೆಸರಿನವರು ಸಿಗಲಿಲ್ಲ ಎಂಬರ್ಥದ ಒಂದು ಸಾಲು ಬಂತು, ಅಷ್ಟೇ.

"ಕಾಯಿಲೆ ಗೊತ್ತಾಯ್ತು. ಸಂಖ್ಯೆ ಕೊಟ್ಟರೆ ಹೋಗುತ್ತೆ, ಹೆಸರು ಕೊಟ್ಟರೆ ಹೋಗಲ್ಲ. ಹೆಸರು ಹುಡುಕುವ ಕಡೆ ತೊಂದರೆ" ಎಂದಳು.

ಅವಳು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ನಾವು ಮೊಹಲ್ಲಾದಲ್ಲಿ 'ನೀಲಿ ಗೇಟಿನ ಮನೆ' ಎಂದು ಗುರುತಿಟ್ಟುಕೊಳ್ಳುತ್ತೇವೆ. ಊರಿಗೆ ಹೊಸಬನಾದ ಅಂಚೆಯವನಿಗೆ ಬೇಕಾದದ್ದು ಮನೆ ನಂಬರು. ಇಂಟರ್ನೆಟ್ಟಿನಲ್ಲೂ ಪ್ರತಿಯೊಂದು ಕಂಪ್ಯೂಟರಿಗೆ ಒಂದು ನಂಬರಿದೆ. ನಾವು ಹೆಸರು ಬರೆದ ಕೂಡಲೇ ನಮ್ಮ ಕಂಪ್ಯೂಟರ್, 'ಈ ಹೆಸರಿನವರ ಮನೆ ನಂಬರು ಎಷ್ಟು?' ಎಂದು ಮೊದಲು ಒಬ್ಬರನ್ನು ಕೇಳುತ್ತದೆ. ಹಾಗೆ ಹೇಳಿಕೊಡುವ ಏರ್ಪಾಡಿಗೆ ಡಿಎನ್‌ಎಸ್ ಎನ್ನುತ್ತಾರೆ. ಸಾಮಾನ್ಯವಾಗಿ ಯಾರನ್ನು ಕೇಳಬೇಕು ಎಂಬುದನ್ನು ಗೋಡೆಯ ಪೆಟ್ಟಿಗೆಯೇ ಎಲ್ಲ ಮೊಬೈಲುಗಳಿಗೂ ಕಂಪ್ಯೂಟರುಗಳಿಗೂ ತಿಳಿಸುತ್ತದೆ.

"ನಿಮ್ಮ ಕಂಪ್ಯೂಟರ್ ಯಾರನ್ನು ಕೇಳ್ತಿದೆ ನೋಡೋಣ" ಎಂದು 'ಐಪಿಕಾನ್‌ಫಿಗ್' ಎಂಬ ಇನ್ನೊಂದು ಆಜ್ಞೆ ಬರೆಸಿ, ಅದರ ಮುಂದೆ ಓರೆಗೆರೆ ಎಳೆದು 'ಆಲ್' ಸೇರಿಸಲು ಹೇಳಿದಳು. ಉದ್ದದ ಪಟ್ಟಿ ಬಂತು. ಅದರಲ್ಲಿ ಡಿಎನ್‌ಎಸ್ ಸರ್ವರ್ ಎಂಬಲ್ಲಿ ಎರಡು ಸಂಖ್ಯೆಗಳಿದ್ದವು. ನಾನು ಓದಿ ಹೇಳಿದೆ. "ಇದು ಹೊಸ ಪೆಟ್ಟಿಗೆ ಕೊಟ್ಟದ್ದಲ್ಲ ಖಾಲಾ. ಹಳೆಯ ಕಂಪೆನಿಯವರದ್ದು. ಯಾರೋ ಕೈಯಾರೆ ಬರೆದಿದ್ದಾರೆ."

ಆ ಸಂಖ್ಯೆಗಳನ್ನು ಓದುವಾಗ ನನ್ನ ಎದೆ ಧಸಕ್ಕೆಂದಿತು. ಎಲ್ಲೋ ನೋಡಿದ ಹಾಗಿದೆ. ಎದ್ದುಹೋಗಿ ಕಪಾಟಿನಿಂದ ಹಾಲಿನ ಲೆಕ್ಕದ ಹಳೆಯ ಪುಸ್ತಕ ತೆಗೆದೆ. ಕೊನೆಯ ಪುಟದಲ್ಲಿ ಅವೇ ಎರಡು ಸಂಖ್ಯೆಗಳು. ಅದೂ ನನ್ನದೇ ಕೈಬರಹದಲ್ಲಿ!

ಆಗ ನೆನಪಾಯಿತು. 2020ರ ಲಾಕ್‌ಡೌನ್. ಮಗನಿಗೆ ಆರನೇ ತರಗತಿಯ ಆನ್‌ಲೈನ್ ಪಾಠ. ಪುಟ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಮನೆಗೆ ಬರಲಾಗದ ಒಬ್ಬ ಮೆಕ್ಯಾನಿಕ್ ಫೋನಿನಲ್ಲೇ, "ಮೋಡೆಮ್ ತಡ ಮಾಡ್ತಿದೆ, ನೇರವಾಗಿ ಕಂಪೆನಿಯ ನಂಬರನ್ನೇ ಹಾಕಿ" ಎಂದು ಎರಡು ಸಂಖ್ಯೆ ಹೇಳಿ, ಎಲ್ಲೆಲ್ಲಿ ಒತ್ತಬೇಕೋ ಒತ್ತಿಸಿದ್ದ. ಪಾಠ ಸರಿಯಾಯಿತು. ನಾನು ಮರೆತೆ. ಮಾಡಿದ್ದೇನು, ಯಾಕೆ ಎಂದು ಅಂದು ಕೇಳಿರಲೇ ಇಲ್ಲ.

ಬಾಡಿಗೆ ಮನೆ ಬದಲಿಸಿದ ಮೇಲೂ ಹಳೆಯ ಬೀದಿಯ ಅಂಗಡಿಗೇ ಹೋಗಿ ಉದ್ದರಿ ಕೇಳಿದ ಹಾಗಾಗಿತ್ತು ನಮ್ಮ ಕಂಪ್ಯೂಟರಿನ ಪಾಡು. ಇಂಟರ್ನೆಟ್ ಕಂಪೆನಿಗಳ ಇಂಥ ಸರ್ವರುಗಳು ಸಾಮಾನ್ಯವಾಗಿ ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರಿಸುತ್ತವೆ. ಶುಕ್ರವಾರದಿಂದ ನಾವು ಅವರ ಗಿರಾಕಿಗಳಲ್ಲ. ಮೊಬೈಲುಗಳು ಹೊಸ ಪೆಟ್ಟಿಗೆ ಹೇಳಿದವರನ್ನು ಕೇಳುತ್ತಿದ್ದುದರಿಂದ ಅವಕ್ಕೆ ತೊಂದರೆಯಾಗಲಿಲ್ಲ.

ರಿಪೇರಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ವಯರಿನ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಐಪಿ ಆವೃತ್ತಿ 4ರ ಒಳಗೆ ಡಿಎನ್‌ಎಸ್ ವಿಳಾಸ ತಾನಾಗಿಯೇ ಪಡೆಯಲಿ ಎಂಬ ಆಯ್ಕೆಯನ್ನು ಒತ್ತಿದೆ. ಆ ಎರಡು ಸಂಖ್ಯೆಗಳು ಮಾಯವಾದವು. ಹಳೆಯ ಉತ್ತರಗಳೇನಾದರೂ ನೆನಪಿನಲ್ಲಿ ಉಳಿದಿದ್ದರೆ ಹೋಗಲಿ ಎಂದು 'ಫ್ಲಶ್‌ಡಿಎನ್‌ಎಸ್' ಎಂಬ ಆಜ್ಞೆಯನ್ನೂ ಕೊಡಿಸಿದಳು. ಬ್ರೌಸರ್ ತೆರೆದರೆ ಪುಟ ಥಟ್ಟನೆ ಬಂತು. ವೈರಸ್ಸೂ ಇಲ್ಲ, ಫಾರ್ಮ್ಯಾಟೂ ಬೇಡ. ನನ್ನ ತಂದೆಯ ಫೋಟೋಗಳು ಇದ್ದಲ್ಲೇ ಇದ್ದವು.

ಈ ಏರ್ಪಾಡಿನ ಹಿಂದೆ ಒಬ್ಬ ಮಹಿಳೆಯ ದುಡಿಮೆಯೂ ಇದೆ ಎಂದು ಅವಳು ಹೇಳಿದಾಗ ಖುಷಿಯಾಯಿತು. ಇಂಟರ್ನೆಟ್ಟಿನ ಆರಂಭದ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ನಂಬರಿನ ಒಂದೇ ಪಟ್ಟಿಯಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಕಾಪಾಡುತ್ತಿದ್ದ ಕೇಂದ್ರದ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಕಂಪ್ಯೂಟರುಗಳು ಹೆಚ್ಚಿದಂತೆ ಒಂದು ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಪಟ್ಟಿಯನ್ನು ಲೋಕವಿಡೀ ಹಂಚಿಡುವ ಡಿಎನ್‌ಎಸ್ ಪದ್ಧತಿಯನ್ನು ರೂಪಿಸಿದರು. ನಾವು ದಿನವೂ ನೋಡುವ 'ಡಾಟ್ ಕಾಮ್', 'ಡಾಟ್ ಆರ್ಗ್' ಎಂಬ ವಿಂಗಡಣೆ ಫೈನ್ಲರ್ ಅವರ ಗುಂಪಿನಲ್ಲಿ ರೂಪುಗೊಂಡದ್ದು.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥದ್ದು ಎದುರಾದರೆ ಗಾಬರಿಯಾಗಬೇಡಿ. ಒಂದೇ ವೆಬ್‌ಸೈಟ್ ತೆರೆಯುತ್ತಿಲ್ಲವೆಂದರೆ ತೊಂದರೆ ಬಹುಶಃ ಅವರ ಕಡೆಯದ್ದೇ. ಮನೆಯ ಎಲ್ಲ ಮೊಬೈಲು, ಕಂಪ್ಯೂಟರುಗಳಲ್ಲೂ ನಿಂತಿದ್ದರೆ ಗೋಡೆಯ ಪೆಟ್ಟಿಗೆಯ ಕರೆಂಟು ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ಆಗಲೂ ಬಾರದಿದ್ದರೆ ಕಂಪೆನಿಗೆ ದೂರು ಕೊಡಿ. ಒಂದರಲ್ಲಿ ಮಾತ್ರ ನಿಂತಿದ್ದರೆ, ಸಂಖ್ಯೆಗೊಮ್ಮೆ ಹೆಸರಿಗೊಮ್ಮೆ ಪಿಂಗ್ ಮಾಡಿ ನೋಡಿ. ಎರಡಕ್ಕೂ ಉತ್ತರವಿಲ್ಲದಿದ್ದರೆ ವಯರನ್ನು ನೋಡಿ. ಹೆಸರಿಗೆ ಮಾತ್ರ ಉತ್ತರವಿಲ್ಲದಿದ್ದರೆ ಡಿಎನ್‌ಎಸ್ ಸಂಖ್ಯೆಗಳನ್ನು ನೋಡಿ.

ಇನ್ನೊಂದು ಎಚ್ಚರ. ಯಾರೋ ಹೇಳಿದರೆಂದು ಗುರುತಿಲ್ಲದ ಸಂಖ್ಯೆಗಳನ್ನು ಅಲ್ಲಿ ತುಂಬಬೇಡಿ. ದಾರಿ ಹೇಳುವವನೇ ಮೋಸಗಾರನಾದರೆ ನಿಮ್ಮನ್ನು ಬ್ಯಾಂಕಿನ ಬದಲು ನಕಲಿ ಪುಟಕ್ಕೆ ಕಳಿಸಬಹುದು. ಕಂಪ್ಯೂಟರುಗಳಲ್ಲಿ ಈ ಸಂಖ್ಯೆಗಳನ್ನು ಗುಟ್ಟಾಗಿ ಬದಲಿಸುತ್ತಿದ್ದ 'ಡಿಎನ್‌ಎಸ್ ಚೇಂಜರ್' ಎಂಬ ಕುತಂತ್ರಾಂಶದ ಜಾಲವನ್ನು 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದಾಗ, ಅದಕ್ಕೆ ಸಿಕ್ಕ ಕಂಪ್ಯೂಟರುಗಳು ಜಗತ್ತಿನಲ್ಲಿ ಸುಮಾರು 40 ಲಕ್ಷ. ನೀವೇ ಸಂಖ್ಯೆ ಬದಲಿಸಿದರೆ, ಯಾವ ದಿನ, ಯಾಕೆ ಎಂದು ಪಕ್ಕದಲ್ಲೇ ಬರೆದಿಡಿ. ನನ್ನ ಹಾಗೆ ಬರೀ ಸಂಖ್ಯೆ ಬರೆದಿಟ್ಟರೆ ಸಾಲದು.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಆ ಪುಸ್ತಕ ಹಿಡಿದು ಕುಳಿತೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ನಾನು ಪ್ರತ್ಯಕ್ಷವಾಗಿ ಕಂಡದ್ದೂ ಇಲ್ಲ, ಪ್ರಮಾಣಿಸಿದ್ದೂ ಇಲ್ಲ. 'ಹೊಸ ಲೈನ್ ಬಂದ ಮೇಲೇ ಹೀಗಾಗಿದ್ದು' ಎಂದು ಮಗ ಹೇಳಿದ ಆ ಒಂದು ಮಾತಿನಲ್ಲಿ ಅರ್ಧ ಉತ್ತರ ಇತ್ತು. ಅದನ್ನೇ ಸುಳ್ಳು ಎಂದಿದ್ದೆ.

ಬಿರಿಯಾನಿ ಬಿಸಿ ಮಾಡಿ ತಟ್ಟೆಗೆ ಹಾಕಿ, ಪುಸ್ತಕವನ್ನೂ ಹಿಡಿದು ಅವನ ಕೋಣೆಗೆ ಹೋದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಏನು ಹೇಳುವುದೆಂದು ತೋಚದೆ ಪುಸ್ತಕದ ಕೊನೆಯ ಪುಟ ತೆರೆದು ಅವನ ಮುಂದಿಟ್ಟೆ. "ಇದು ಯಾರ ಅಕ್ಷರ ಹೇಳು" ಎಂದೆ. "ನಿಮ್ಮದು" ಎಂದ. "ತಪ್ಪೂ ನನ್ನದೇ ಬೇಟಾ. ನೀನು ನಿಜ ಹೇಳಿದ್ದೆ. ನಾನೇ ಕೇಳಲಿಲ್ಲ. ಮಾಫ್ ಮಾಡು" ಎಂದೆ. ಹೆತ್ತ ಮಗನೆದುರು ಆ ಮಾತು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಕುಳಿತು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಎಲ್ಲರ ಎದುರಿಗೂ ಹೇಳ್ತೀರಾ ಅಮ್ಮಿ?" ಎಂದು ಕೇಳಿದ. ಬೈದದ್ದು ಎಲ್ಲರ ಎದುರಿಗೆ ತಾನೇ?

ರಾತ್ರಿ ಊಟದ ಹೊತ್ತಿಗೆ ಎಲ್ಲರ ಎದುರು ಹೇಳಿದೆ. ಮರುದಿನ ಅವನೇ ಕುಳಿತು ಅಜ್ಜನ ಫೋಟೋಗಳನ್ನೆಲ್ಲ ಎರಡು ಪೆನ್‌ಡ್ರೈವ್‌ಗಳಿಗೆ ತುಂಬಿಸಿಕೊಟ್ಟ. ಹಾಲಿನ ಲೆಕ್ಕದ ಆ ಪುಸ್ತಕವನ್ನು ನಾನಿನ್ನೂ ಎಸೆದಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟಾಗ 'ಯಾರು ಮಾಡಿದ್ದು?' ಎಂಬ ಪ್ರಶ್ನೆ ಈಗಲೂ ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು, 'ಏನಾಗಿದೆ ನೋಡೋಣ' ಎನ್ನುವುದನ್ನು ಕಲಿಯುತ್ತಿದ್ದೇನೆ.