ಕೂರಲು ಕರೆಯುವ ಕಲ್ಲುಗಳು

ತೀರ್ಥಹಳ್ಳಿಯಿಂದ ಕೊಪ್ಪದ ದಾರಿ ಹಿಡಿದು ಗಡಿಕಲ್ಲಿನಲ್ಲಿ ಒಳಕ್ಕೆ ತಿರುಗಿದರೆ ಕುಪ್ಪಳಿ. ಕವಿ ಕುವೆಂಪು ಅವರ ಕವಿಮನೆ ನೋಡಿ ಗುಡ್ಡ ಹತ್ತಿದವರ ಎದುರಿಗೆ ಒಮ್ಮೆಲೇ ಕವಿಶೈಲ ತೆರೆದುಕೊಳ್ಳುತ್ತದೆ. ಫೋಟೋದಲ್ಲಿ ಎಷ್ಟೇ ನೋಡಿದ್ದರೂ ಎದೆ ಝಲ್ಲೆನ್ನದೆ ಇರುವುದಿಲ್ಲ. ಆಳೆತ್ತರ ಮೀರಿದ ಕಲ್ಲುಕಂಬಗಳು ತಲೆಯ ಮೇಲೆ ಅಡ್ಡಗಲ್ಲು ಹೊತ್ತು, ಬಂಡೆಯನ್ನು ಬಳಸಿ ನಿಂತಿವೆ. ಮೂರ್ತಿಯಿಲ್ಲ, ಬಳ್ಳಿ-ಹೂವಿನ ಕುಸುರಿಯಿಲ್ಲ. ಮುಟ್ಟಿದರೆ ಅಂಗೈಗೆ ತರಿತರಿ, ಮಧ್ಯಾಹ್ನದ ಬಿಸಿಲು ಕುಡಿದು ಬೆಚ್ಚಗೆ. ಕಲಾವಿದ ಕೆ.ಟಿ. ಶಿವಪ್ರಸಾದ್ ಇದನ್ನು ರೂಪಿಸಿದರು. ನನ್ನ ಮಟ್ಟಿಗೆ ಕರ್ನಾಟಕದ ಆಧುನಿಕ ಶಿಲ್ಪಗಳಲ್ಲಿ ಇಷ್ಟು ದೊಡ್ಡ ಮನಸ್ಸಿನದು ಇನ್ನೊಂದಿಲ್ಲ.

ಏಕೆಂದರೆ ಇದು ನಮ್ಮನ್ನು ದೂರ ನಿಲ್ಲಿಸುವುದಿಲ್ಲ. ಬಂದವರು ಒಂದು ಸುತ್ತು ಹಾಕುತ್ತಾರೆ, ಆಮೇಲೆ ಯಾರೂ ಹೇಳದೆಯೇ ಕೂರುತ್ತಾರೆ. ನಾನು ಹೋದ ಸಂಜೆ ಒಬ್ಬ ಅಜ್ಜಿ ಕಂಬದ ಬುಡ ಹಿಡಿದು ಮೆಲ್ಲಗೆ ಇಳಿದು ಕೂತರು. ಓಡಾಡುತ್ತಿದ್ದ ಮೊಮ್ಮಗನಿಗೆ "ಇಲ್ಲಿ ಬಾರಾ, ಕೂತ್ಕಾ" ಎಂದರು. ಅವನು ಕೂತ. ಇಬ್ಬರೂ ಪಡುವಣದ ಕಣಿವೆಗೆ ಮುಖ ಮಾಡಿದರು.

ಕೂರುವುದೇ ಈ ಜಾಗದ ಹಳೆಯ ಸಂಪ್ರದಾಯ. ಮೈಸೂರಿನಿಂದ ರಜೆಗೆ ಬರುತ್ತಿದ್ದ ಕುವೆಂಪು ಗೆಳೆಯರೊಡನೆ ಸೂರ್ಯಾಸ್ತಕ್ಕೆ ಕಾದದ್ದು ಇದೇ ಬಂಡೆಯ ಮೇಲೆ. ಅವರ ಗುರುಗಳಾದ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯನವರೂ ಇಲ್ಲಿಗೆ ಬಂದಿದ್ದರು. ಮೂವರ ಹೆಸರನ್ನೂ ಬಂಡೆಯಲ್ಲಿ ಕೊರೆಯಲಾಗಿದೆ. ಗುರುಗಳ ಪಕ್ಕದಲ್ಲೇ ಶಿಷ್ಯ! ಬಾಗಿ ಓದುವಾಗ ಮೈ ನವಿರೇಳುತ್ತದೆ. 1994ರ ನವೆಂಬರಿನಲ್ಲಿ ಕವಿಯ ಅಂತ್ಯಸಂಸ್ಕಾರವೂ ಇಲ್ಲೇ ನಡೆಯಿತು. ಸಮಾಧಿಯ ಸುತ್ತ ಮಕ್ಕಳ ಗಲಾಟೆ ಕೇಳಿದರೆ ನನಗಂತೂ ಸಂತೋಷವೇ.

ಕಲ್ಲಿನಲ್ಲಿ ಕೂರುವ ಸುಖ ನಮ್ಮ ಶಿಲ್ಪಿಗಳಿಗೆ ಹೊಸದಲ್ಲ. ಚಾಲುಕ್ಯರ, ಹೊಯ್ಸಳರ ದೇಗುಲಗಳ ತೆರೆದ ಮಂಟಪಗಳಲ್ಲಿ ಅಂಚಿಗುಂಟ ಕಕ್ಷಾಸನವಿದೆ: ಕೂರಲು ಜಗಲಿ, ಒರಗಲು ಹೊರಕ್ಕೆ ವಾಲಿದ ಕಲ್ಲಿನ ಬೆನ್ನು. ಆ ಬೆನ್ನಿನ ಹೊರಮೈ ತುಂಬ ಶಿಲ್ಪ. ಒಳಗೆ ಕೂತವನ ಬೆನ್ನಿಗೆ ಆಸರೆ, ಹೊರಗೆ ನಡೆವವನ ಕಣ್ಣಿಗೆ ಹಬ್ಬ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಪಕ್ಕದ ಹೊಸನಗರ ತಾಲ್ಲೂಕಿಗೆ ಹೋಗಬೇಕು. ನಿಲಸ್ಕಲ್, ಬೈಸೆಗಳಲ್ಲಿ ಬೃಹತ್ ಶಿಲಾಯುಗದವರು ನೆಟ್ಟ ನಿಲುಗಲ್ಲುಗಳಿವೆ. ಒಂದೊಂದೂ ಹಾಸುಬಂಡೆಯಿಂದ ಸೀಳಿ ತೆಗೆದ ಚಪ್ಪಡಿ. ಸಂಶೋಧಕ ಶ್ರೀಕುಮಾರ್ ಮೆನನ್ ಮತ್ತು ಸಂಗಡಿಗರು ಅಳೆದು ನೋಡಿದಾಗ, ಕೆಲವು ಜೋಡಿಕಲ್ಲುಗಳು ಜೂನ್ ಮತ್ತು ಡಿಸೆಂಬರಿನ ಅಯನ ಸಂಕ್ರಾಂತಿಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಸಾಲುಗೂಡಿದ್ದು ಕಂಡಿತು. ಬರಹ ಬಾರದ ಕಾಲದಲ್ಲೂ ಈ ಮಲೆಸೀಮೆಯಲ್ಲಿ ಸೂರ್ಯನಿಗೆ ಕಾಯುವವರಿದ್ದರು!

ನಮ್ಮ ಪೇಟೆಗಳ ಸರ್ಕಲ್ಲುಗಳಲ್ಲಿ ಮಹನೀಯರ ಪ್ರತಿಮೆಗಳು ಕಬ್ಬಿಣದ ಸರಳಿನೊಳಗೆ ನಿಂತಿರುತ್ತವೆ. ಸಂತೆಗೆ ಬಂದವರು ಮುಚ್ಚಿದ ಅಂಗಡಿಯ ಮೆಟ್ಟಿಲು ಹುಡುಕುತ್ತಾರೆ. ಸಾಗರದಲ್ಲೋ ಹೊಸನಗರದಲ್ಲೋ ಮುಂದೆ ಒಂದು ವೃತ್ತ ಕಟ್ಟುವಾಗ ಪ್ರತಿಮೆಯ ದುಡ್ಡಿನಲ್ಲಿ ಶಿಲ್ಪಿಯೊಬ್ಬರಿಂದ ಹತ್ತಾರು ಜನ ಕೂರುವಂಥ ಕಲ್ಲು ಮಾಡಿಸಲಿ. ಬಸ್ಸಿಗೆ ಇನ್ನೂ ಹೊತ್ತಿದ್ದರೆ ಅಡಿಕೆ ಚೀಲ ಇಳಿಸಿ ಆ ಕಲ್ಲಿನ ಮೇಲೆ ಕೂರಲಿ ಜನ.