ಬೂದಿಬಟ್ಟಲು ಹೊತ್ತ ಬೇಸ್ ಗಿಟಾರು

ನಾದದ ಮಾತು ಬಲ್ಲವರಿಗಿರಲಿ. ಹಳೆಯ ಎಲೆಕ್ಟ್ರಿಕ್ ಬೇಸ್ ಗಿಟಾರು ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಮೈಮೇಲಿನ ಬೇಡದ ಸಾಮಾನುಗಳ ಕಡೆಗೆ. ಈ ವಾದ್ಯವನ್ನು ಯಾರು ಕೊಳ್ಳುತ್ತಾರೆ, ಹೇಗೆ ಬಾರಿಸುತ್ತಾರೆ ಎಂಬುದು ಮಾಡಿದವರಿಗೇ ಗೊತ್ತಿರಲಿಲ್ಲ ನೋಡಿ. ಸುಮ್ಮನೆ ಊಹಿಸಿದರು. ಒಂದು ಊಹೆಗೆ ಒಂದು ತಗಡು, ಇನ್ನೊಂದಕ್ಕೆ ಒಂದು ಕಡ್ಡಿ ಅಂತ ಜಡಿದರು.

ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದ. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಈಜು ಬಾರದವನು ದೋಣಿ ಕಟ್ಟಿದ ಹಾಗೆ. ಅಲ್ಲಿಯವರೆಗೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಹೊತ್ತು ತಿರುಗುವುದು ಕಷ್ಟ, ತಿರುಗಿದರೂ ಡ್ರಮ್ಮಿನ ಗದ್ದಲದಲ್ಲಿ ಅದರ ದನಿ ಕೇಳುವುದಿಲ್ಲ. ಹೊಸದರ ದನಿಯೇನೋ ಕೇಳಿತು, ಆದರೆ ನಿಲ್ಲಲೊಲ್ಲದು! ಡಬಲ್ ಬೇಸಿನ ಸ್ವರ ‘ದುಂ’ ಅಂದು ಅಲ್ಲೇ ಅಡಗುತ್ತದೆ. ಇದರದ್ದು ಗುಂಯ್‌ಗುಡುತ್ತಲೇ ಇರುತ್ತದೆ. ಅದಕ್ಕೇ ತಂತಿಗಳನ್ನು ಹೊತ್ತ ಬ್ರಿಡ್ಜಿನ ಮೇಲೆ ಹೊಳೆಯುವ ಲೋಹದ ಮುಚ್ಚಳ, ಅದರೊಳಗೆ ತಂತಿಗಳನ್ನು ಒತ್ತಿ ಹಿಡಿಯುವ ಮೆತ್ತೆ. 1960ರ ಜಾಝ್ ಬೇಸಿನಲ್ಲಂತೂ ತಂತಿಗೊಂದರಂತೆ ನಾಲ್ಕು ಮೆತ್ತೆ. ಹುಡುಗರು ಮುಚ್ಚಳವನ್ನು ಬಿಚ್ಚಿ, ಮಗುಚಿಟ್ಟು, ಸಿಗರೇಟಿನ ಬೂದಿ ಕೊಡವಿದರು. ಅದಕ್ಕೆ ‘ಆ್ಯಷ್‌ಟ್ರೇ’ ಎಂಬ ಹೆಸರೇ ಬಿತ್ತು. ಮುಚ್ಚಳವಿಲ್ಲದ ಹಳೇ ಬೇಸಿನಲ್ಲಿ ಸ್ಕ್ರೂ ತೂತುಗಳು ಇನ್ನೂ ಬಾಯಿ ಬಿಟ್ಟುಕೊಂಡಿರುತ್ತವೆ. ಹಾಗೆಂದು ಮೆತ್ತೆಯನ್ನು ಹಳಿಯುವಂತಿಲ್ಲ. ಡೆಟ್ರಾಯಿಟಿನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಅದನ್ನು ತೆಗೆಯಲೇ ಇಲ್ಲ. ಹಳೇ ತಂತಿ ಬದಲಿಸಲಿಲ್ಲ, ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದ. ಅರವತ್ತರ ದಶಕದ ಅಮೆರಿಕವನ್ನು ಕುಣಿಸಿದ್ದು ಆ ಒಂದು ಬೆರಳು.

ಬೆರಳೆಂದಾಗ ನೆನಪಾಯಿತು. ಅತಿ ಸಣ್ಣ ತಂತಿಯ ಕೆಳಗೆ ಫೆಂಡರ್ ಒಂದು ಪುಟ್ಟ ಕಡ್ಡಿ ಕೂಡಿಸಿದ್ದ. ಬೆರಳುಗಳನ್ನು ಅದಕ್ಕೆ ಸಿಕ್ಕಿಸಿಕೊಂಡು ಹೆಬ್ಬೆರಳಲ್ಲಿ ಮೀಟಲಿ ಎಂಬುದು ಆತನ ಎಣಿಕೆ. ಬಂದವರೋ ಹೆಬ್ಬೆರಳನ್ನು ಮೇಲೆ ಊರಿ ಬೆರಳುಗಳಲ್ಲಿ ಮೀಟುವವರು! ಎಪ್ಪತ್ತರ ದಶಕದಲ್ಲಿ ಕಂಪನಿ ಆ ಕಡ್ಡಿಯನ್ನೇ ಕಿತ್ತು ದಪ್ಪ ತಂತಿಯ ಮೇಲುಬದಿಗೆ ಹಾಕಿತು. ಇಪ್ಪತ್ತು ವರ್ಷ ಬೇಕಾಯಿತು, ಪುಣ್ಯಾತ್ಮರಿಗೆ.

ಗಿಬ್ಸನ್ ಕಂಪನಿಯದು ಇನ್ನೂ ದೊಡ್ಡ ಅನುಮಾನ. 1953ರ ಅದರ ಬೇಸ್ ಪಿಟೀಲಿನ ಆಕಾರದ್ದು, ಗಟ್ಟಿ ಮರದ್ದು. ನಾದರಂಧ್ರಗಳನ್ನು ಕೊರೆದಿರಲಿಲ್ಲ, ಬಣ್ಣದಲ್ಲಿ ಬರೆದಿದ್ದರು. ಬುಡದಲ್ಲಿ ಎಳೆದು ಉದ್ದ ಮಾಡುವ ಕಡ್ಡಿ ಬೇರೆ: ಹೆಗಲಿಗೆ ಹಾಕಿಕೊಳ್ಳಲು ನಾಚಿಕೆಯಾದರೆ ನೆಲಕ್ಕೂರಿ ಡಬಲ್ ಬೇಸಿನಂತೆ ನಿಲ್ಲಿಸಿಕೊಳ್ಳಬಹುದು.

ನನ್ನ ಮೆಚ್ಚಿನದು ಮಾತ್ರ ಆಂಪೆಗ್. ಅದರ ಸಂಸ್ಥಾಪಕ ಎವರೆಟ್ ಹಲ್ ಸ್ವತಃ ಡಬಲ್ ಬೇಸ್ ವಾದಕ. ವಾದ್ಯ ನೆಲಕ್ಕೂರುವ ಗೂಟದೊಳಗೇ ಮೈಕು ಕೂರಿಸಿ ವ್ಯಾಪಾರ ಶುರು ಮಾಡಿದವನು. ರಾಕ್ ಸಂಗೀತವೆಂದರೆ ಆತನಿಗಾಗದು. 1966ರಲ್ಲಿ ಆತನ ಕಂಪನಿಯೇ ಎಲೆಕ್ಟ್ರಿಕ್ ಬೇಸ್ ಮಾಡಬೇಕಾಯಿತು. ಮಾಡಿದ್ದು ಹೇಗೆ? ತಲೆಗೆ ಪಿಟೀಲಿನ ಸುರುಳಿ. ಮೈಯಲ್ಲಿ ಈ ಕಡೆಯಿಂದ ಆ ಕಡೆ ಕಾಣುವಂತೆ ಎರಡು ಉದ್ದನೆಯ ಬಳುಕು ರಂಧ್ರಗಳು. ಕೈ ತೂರಿಸಿದರೆ ಹೊಟ್ಟೆ ಸಿಗುತ್ತದೆ, ನಿಮ್ಮದೇ. ಅದುರನ್ನು ವಿದ್ಯುತ್ತಾಗಿಸುವ ಪಿಕಪ್ಪು ಕಣ್ಣಿಗೇ ಬೀಳದು, ಬ್ರಿಡ್ಜಿನ ಅಡಿಯಲ್ಲಿ ಅಡಗಿ ಕೂತಿದೆ. ತಂತಿಯ ಬದಲು ಬ್ರಿಡ್ಜಿನ ಅದುರನ್ನು ಹಿಡಿಯುವುದರಿಂದ ಕರುಳಿನ ತಂತಿ ಕಟ್ಟಿದರೂ ನಡೆಯುತ್ತಿತ್ತು. ಅದೇ ವರ್ಷ ಫ್ರೆಟ್ಟು ಎಂಬ ಮೆಟ್ಟಿಲುಗಳಿಲ್ಲದ ಬೇಸನ್ನೂ ತಂದರು. ನಮ್ಮ ಪಿಟೀಲು ಕೇಳಿ ಬೆಳೆದವರಿಗೆ ಅದರ ಜಾರು ವಿವರಿಸಬೇಕಿಲ್ಲ. ಹಳಬರಿಗಾಗಿ ಮಾಡಿದ್ದದು, ಹೆಸರು ತಂದವನು ‘ದ ಬ್ಯಾಂಡ್’ ತಂಡದ ರಾಕ್ ಹುಡುಗ ರಿಕ್ ಡ್ಯಾಂಕೊ.

ಅಗ್ಗದ ಮಾಲಿನ ಡ್ಯಾನ್‌ಎಲೆಕ್ಟ್ರೋ ಬಗ್ಗೆ ಒಂದೇ ಮಾತು. ಒತ್ತುಹಲಗೆಯ ಮೈ, ಲಿಪ್‌ಸ್ಟಿಕ್ ಕೊಳವೆಯೊಳಗೆ ಪಿಕಪ್ಪು. ‘ದ ಹೂ’ ತಂಡದ ಜಾನ್ ಎಂಟ್ವಿಸಲ್ 1965ರಲ್ಲಿ ‘ಮೈ ಜನರೇಷನ್’ ಹಾಡಿಗೆ ಅದನ್ನೇ ಹಿಡಿದ. ಅದರ ಸಪೂರ ತಂತಿಗಳು ಆತನ ಹೊಡೆತಕ್ಕೆ ಹರಿದವು, ಬಿಡಿ ತಂತಿ ಲಂಡನ್ನಿನಲ್ಲಿ ಸಿಗಲಿಲ್ಲ. ತಂತಿ ಹರಿದಾಗಲೆಲ್ಲ ಹೊಸ ಬೇಸನ್ನೇ ಕೊಂಡ. ಬೇಸಿನ ತಂತಿ ಹರಿಯುವವನೊಬ್ಬ ಹುಟ್ಟಿಯಾನು ಎಂದು ಮಾಡಿದವರಾದರೂ ಹೇಗೆ ಊಹಿಸಬೇಕು? ಕಡೆಗೆ ರೆಕಾರ್ಡಿಗೆ ಆತ ನುಡಿಸಿದ್ದು ಫೆಂಡರಿನಲ್ಲೇ.